ಚಳಿಗಾಲದ ಸುಸ್ತು: ಹಳೇ ಮಾತ್ರೆಯನ್ನು ದೂರುವ ಮೊದಲು

ಓದುಗರ ಪ್ರಶ್ನೆ: ನನಗೆ 54 ವರ್ಷ. ಥೈರಾಯ್ಡ್‌ಗೆ ಥೈರಾಕ್ಸಿನ್ 75 ಮೈಕ್ರೋಗ್ರಾಂ, ಬಿಪಿಗೆ ಮೆಟೊಪ್ರೊಲಾಲ್ 50 ಮಿಲಿಗ್ರಾಂ, ಕೊಲೆಸ್ಟರಾಲ್‌ಗೆ ಅಟೊರ್ವಾಸ್ಟಾಟಿನ್ 10 ಮಿಲಿಗ್ರಾಂ ತೆಗೆದುಕೊಳ್ಳುತ್ತಿದ್ದೇನೆ. ಮೂರೂ ಹಳೆಯವು. ಉಳಿದ ಕಾಲದಲ್ಲಿ ಏನೂ ತೊಂದರೆ ಇಲ್ಲ. ಚಳಿಗಾಲ ಬಂದರೆ ಮಾತ್ರ ಮೈಯಲ್ಲಿ ಶಕ್ತಿಯೇ ಇರುವುದಿಲ್ಲ. ಹೋದ ವರ್ಷ ಸ್ವಲ್ಪ ಇತ್ತು, ಈ ವರ್ಷ ವಿಪರೀತ. ಒಂಬತ್ತು ಗಂಟೆ ಮಲಗಿದರೂ ಏಳುವಾಗಲೇ ಸುಸ್ತು. ಮಧ್ಯಾಹ್ನ ಆಫೀಸಿನಲ್ಲಿ ಕಣ್ಣು ತಾನಾಗೇ ಮುಚ್ಚಿಕೊಳ್ಳುತ್ತದೆ. ಕೈಕಾಲು ತಣ್ಣಗೆ, ತೊಡೆ ಹಿಡಿದುಕೊಂಡ ಹಾಗೆ. ಬಿಪಿ ಮಿಷನ್ನಿನ ಫೋಟೊ ಕಳಿಸಿದ್ದೇನೆ, ಬಿಪಿ ಚೆನ್ನಾಗೇ ಇದೆ. ಸೀನು, ಕೆಮ್ಮು ಇರುವುದರಿಂದ ರಾತ್ರಿ ಒಂದು ಸೆಟ್ರಿಜಿನ್, ದಿನಕ್ಕೆರಡು ಹೊತ್ತು ಕೆಮ್ಮಿನ ಸಿರಪ್ ತಗೊಳ್ಳುತ್ತೇನೆ. ಮೂಳೆಗೆ ಒಳ್ಳೆಯದೆಂದು ಈ ಸಲ ಚಳಿ ಶುರುವಾದಾಗ ಕ್ಯಾಲ್ಸಿಯಂ–ವಿಟಮಿನ್ ಡಿ ಮಾತ್ರೆಯನ್ನೂ ಶುರು ಮಾಡಿದೆ. ಮರೆಯಬಾರದೆಂದು ಬೆಳಿಗ್ಗೆ ಥೈರಾಯ್ಡ್ ಮಾತ್ರೆ ಜೊತೆಗೇ ನುಂಗಿಬಿಡುತ್ತೇನೆ. ಚಳಿಗೆ ರಕ್ತ ಗಟ್ಟಿಯಾಗಿ ಮಾತ್ರೆ ಮೈಗೆ ಹತ್ತುವುದಿಲ್ಲ ಅನ್ನುತ್ತಾಳೆ ಅಕ್ಕ. ಬಿಪಿ ಮಾತ್ರೆಯೇ ಕಾರಣ, ಚಳಿ ಮುಗಿಯುವ ತನಕ ನಿಲ್ಲಿಸು ಅನ್ನುತ್ತಾಳೆ ಗೆಳತಿ. ನಮ್ಮ ಯಜಮಾನರು, ವಯಸ್ಸಾಯ್ತು ಬಿಡು ಅನ್ನುತ್ತಾರೆ. ನಿಲ್ಲಿಸಬಹುದಾ ಡಾಕ್ಟ್ರೇ? ಯಾವುದಾದರೂ ಟಾನಿಕ್ ಬರೆದುಕೊಡುತ್ತೀರಾ?

ಉತ್ತರ: ನೀವು ನೇರವಾಗಿ ಕೇಳಿದ್ದಕ್ಕೆ ನೇರವಾಗಿಯೇ ಹೇಳಿಬಿಡುತ್ತೇನೆ. ಬಿಪಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಮೆಟೊಪ್ರೊಲಾಲನ್ನು ಒಂದೇ ಸಲಕ್ಕೆ ಬಿಡುವುದು ಸುಸ್ತಿಗಿಂತ ದೊಡ್ಡ ತೊಂದರೆ ತಂದೀತು. ಹಾಗಂತ ಇದೆಲ್ಲ ವಯಸ್ಸಿನ ಮಹಿಮೆ ಅಂತ ತಳ್ಳಿಹಾಕುವುದನ್ನೂ ನಾನು ಒಪ್ಪುವುದಿಲ್ಲ. ವಯಸ್ಸು ಬೇಸಿಗೆಯಲ್ಲಿ ಕಡಿಮೆಯಾಗಿ ಚಳಿಗಾಲದಲ್ಲಿ ಜಾಸ್ತಿಯಾಗುವುದಿಲ್ಲ, ಅಲ್ವಾ? ಆಫೀಸಿನಲ್ಲಿ ಕಣ್ಣು ತೆರೆದಿರಲಾರದಷ್ಟು ಸುಸ್ತಿಗೆ ಕಾರಣ ಹುಡುಕಲೇಬೇಕು.

ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ನಿಂತಿದ್ದು, ನೀವು ಗುಮಾನಿಪಟ್ಟ ಮೂರು ಹಳೇ ಮಾತ್ರೆಗಳ ಮೇಲಲ್ಲ. ಮಾತಿನ ಮಧ್ಯೆ ಸುಮ್ನೆ ಹೇಳಿಹೋದ ಸೆಟ್ರಿಜಿನ್, ಸಿರಪ್ ಮತ್ತು ಕ್ಯಾಲ್ಸಿಯಂ ಮೇಲೆ. ಇವನ್ನು ಹೆಚ್ಚಿನವರು ಔಷಧಿ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. "ಏನೇನು ಮಾತ್ರೆ ತಗೋತೀರಿ?" ಅಂತ ಕೇಳಿದರೆ ಬಿಪಿ, ಶುಗರ್, ಥೈರಾಯ್ಡ್ ಹೇಳುತ್ತಾರೆ. ಎದ್ದು ಹೋಗುವಾಗ ಬಾಗಿಲ ಹತ್ತಿರ ನಿಂತು, "ನೆಗಡಿಗೆ ಒಂದು ಮಾತ್ರೆ ತಗೋತಿದೀನಿ, ಅದೇನೂ ಅಲ್ಲ ಬಿಡಿ" ಅನ್ನುತ್ತಾರೆ. ಚಳಿಗಾಲದ ಸುಸ್ತಿನಲ್ಲಿ ಎಷ್ಟೋ ಸಲ ಆ "ಏನೂ ಅಲ್ಲ"ದ ಮಾತ್ರೆಯೇ ಸಿಕ್ಕಿಬೀಳುತ್ತದೆ. ವರ್ಷಗಟ್ಟಲೆ ಸುಮ್ಮನಿದ್ದ ಮಾತ್ರೆ ದಿಢೀರನೆ ತೊಂದರೆ ಕೊಡತೊಡಗಿದರೆ, ಅದರ ಜೊತೆಗೆ ಹೊಸದಾಗಿ ಬಂದು ಸೇರಿದ್ದೇನು ಅಂತ ಮೊದಲು ನೋಡಬೇಕು.

ರಕ್ತ ಗಟ್ಟಿಯಾಗುವ ಮಾತು

ನಿಮ್ಮ ಅಕ್ಕ ಹೇಳಿದ್ದರಲ್ಲಿ ಅರ್ಧ ನಿಜವಿದೆ. ಚಳಿ ಬಿದ್ದಾಗ ಚರ್ಮದ ಕೆಳಗಿನ ರಕ್ತನಾಳಗಳು ಕುಗ್ಗುತ್ತವೆ. ರಕ್ತದಲ್ಲಿನ ನೀರಿನ ಅಂಶ ತುಸು ಕಡಿಮೆಯಾಗುತ್ತದೆ, ರಕ್ತ ಸ್ವಲ್ಪ ಮಂದವಾಗುತ್ತದೆ. ಆದರೆ ಅದರಿಂದ ಮಾತ್ರೆ ಮೈಗೆ ಹತ್ತದೇ ಹೋಗುವುದಿಲ್ಲ. ಮಾತ್ರೆ ಕರಗುವುದು ಹೊಟ್ಟೆಯಲ್ಲಿ, ರಕ್ತಕ್ಕೆ ಸೇರುವುದು ಕರುಳಿನಿಂದ. ಹೊರಗೆ ಎಷ್ಟೇ ಚಳಿಯಿರಲಿ, ಅಲ್ಲಿ 37 ಡಿಗ್ರಿ ಆಸುಪಾಸೇ ಇರುತ್ತದೆ.

ಗೆಳತಿಯ ಸಲಹೆ ಮಾತ್ರ ಪೂರ್ತಿ ತಿರುಗುಮುರುಗು. ರಕ್ತನಾಳ ಕುಗ್ಗುವುದರಿಂದ ಚಳಿಗಾಲದಲ್ಲಿ ಸಾಮಾನ್ಯವಾಗಿ ಬಿಪಿ ಏರುತ್ತದೆ. ಕೆಲವರಿಗೆ ನಾವು ಬೇಸಿಗೆಯಲ್ಲಿ ಮಾತ್ರೆ ಇಳಿಸಿ ಚಳಿಗಾಲದಲ್ಲಿ ಏರಿಸುವುದೂ ಉಂಟು. ಹೃದಯಾಘಾತ, ಪಾರ್ಶ್ವವಾಯು ಕೂಡ ಚಳಿ ತಿಂಗಳುಗಳಲ್ಲೇ ಜಾಸ್ತಿ. ಬಿಪಿ ಮಾತ್ರೆ ಬಿಡಲು ಇಡೀ ವರ್ಷದಲ್ಲಿ ಇದಕ್ಕಿಂತ ಕೆಟ್ಟ ಕಾಲ ಸಿಗಲಾರದು.

ಅದರಲ್ಲೂ ಮೆಟೊಪ್ರೊಲಾಲ್, ಅಟೆನೊಲಾಲ್, ಪ್ರೊಪ್ರನೊಲಾಲ್ ಗುಂಪಿನ ಮಾತ್ರೆಗಳಿಗೆ ಒಂದು ಗುಣವಿದೆ. ಇವನ್ನು ಬೀಟಾ ಬ್ಲಾಕರ್ ಅನ್ನುತ್ತಾರೆ. ಅಡ್ರಿನಲಿನ್ ಹೃದಯವನ್ನು ಓಡಿಸದ ಹಾಗೆ ತಡೆಯುವುದು ಇವುಗಳ ಕೆಲಸ. ತಿಂಗಳುಗಟ್ಟಲೆ ಈ ತಡೆ ಇದ್ದಾಗ ಹೃದಯದಲ್ಲಿ ಅಡ್ರಿನಲಿನ್ ಬಂದು ಕೂರುವ ಜಾಗಗಳು ಜಾಸ್ತಿಯಾಗಿರುತ್ತವೆ. ಒಂದೇ ದಿನ ತಡೆ ತೆಗೆದರೆ ಎದೆ ಡವಗುಟ್ಟುತ್ತದೆ, ಬಿಪಿ ಎಗರುತ್ತದೆ. ಹೃದಯದ ರಕ್ತನಾಳಗಳಲ್ಲಿ ಮೊದಲೇ ಅಡಚಣೆ ಇದ್ದವರಿಗೆ ಎದೆನೋವು, ಹೃದಯಾಘಾತ ಕೂಡ ಆದೀತು. ನಿಲ್ಲಿಸಲೇಬೇಕಾದರೆ ಒಂದೆರಡು ವಾರದಲ್ಲಿ ಹಂತಹಂತವಾಗಿ ಇಳಿಸಬೇಕು. ಎಷ್ಟೆಷ್ಟು ಅನ್ನುವುದನ್ನು ನಿಮ್ಮ ವೈದ್ಯರು ಹೇಳಬೇಕು.

ಮಿಷನ್ನಿನ ಮೂರನೇ ಸಂಖ್ಯೆ

ನೀವು ಕಳಿಸಿದ ಫೋಟೊದಲ್ಲಿ ಮೇಲೆ 118, ಅದರ ಕೆಳಗೆ 74. ಅದನ್ನು ನೋಡಿ ಬಿಪಿ ಚೆನ್ನಾಗಿದೆ ಅಂದಿರಿ, ಸರಿ. ಆದರೆ ತೀರಾ ಕೆಳಗೆ, ಚಿಕ್ಕ ಹೃದಯದ ಗುರುತಿನ ಪಕ್ಕ ಇನ್ನೊಂದು ಸಂಖ್ಯೆ ಇದೆ: 52. ಅದು ನಾಡಿ, ಅಂದರೆ ನಿಮಿಷಕ್ಕೆ ಎಷ್ಟು ಸಲ ಹೃದಯ ಬಡಿಯಿತು ಅನ್ನುವ ಲೆಕ್ಕ. ಇದನ್ನು ಯಾರೂ ಬರೆದಿಡುವುದಿಲ್ಲ!

ದೊಡ್ಡವರಿಗೆ ಸುಮ್ಮನೆ ಕೂತಿದ್ದಾಗ ನಾಡಿ 60ರಿಂದ 100 ಇರುತ್ತದೆ. ಬೀಟಾ ಬ್ಲಾಕರ್ ತಗೊಳ್ಳುವವರಿಗೆ 55–60 ಇದ್ದರೆ ನಾವು ತಲೆ ಕೆಡಿಸಿಕೊಳ್ಳುವುದಿಲ್ಲ. 52 ಕೂಡ ತಾನಾಗಿಯೇ ಅಪಾಯವೇನಲ್ಲ. ಆದರೆ 52ರ ಜೊತೆಗೆ ಸುಸ್ತು, ತಣ್ಣನೆ ಕೈಕಾಲು ಸೇರಿದರೆ ನನಗೆ ಎರಡು ಅನುಮಾನ ಬರುತ್ತದೆ. ಒಂದು, ಮೆಟೊಪ್ರೊಲಾಲ್ ಮೈಯಲ್ಲಿ ಮೊದಲಿಗಿಂತ ಜಾಸ್ತಿ ಕೆಲಸ ಮಾಡುತ್ತಿದೆ. ಇನ್ನೊಂದು, ಥೈರಾಯ್ಡ್ ಮಾತ್ರೆ ಮೊದಲಿಗಿಂತ ಕಡಿಮೆ ಕೆಲಸ ಮಾಡುತ್ತಿದೆ. ಎರಡರಲ್ಲೂ ನಾಡಿ ನಿಧಾನವಾಗುತ್ತದೆ, ಎರಡರಲ್ಲೂ ಸುಸ್ತಾಗುತ್ತದೆ. ನಿಮ್ಮ ವಿಷಯದಲ್ಲಿ ಎರಡಕ್ಕೂ ದಾರಿ ತೆರೆದಿದೆ.

ದೂರದಿಂದ ಓದಿ ಇದೇ ಕಾರಣ ಅಂತ ಮುದ್ರೆ ಒತ್ತಲಾರೆ. ಎಲ್ಲಿ ನೋಡಬೇಕು ಅಂತ ಮಾತ್ರ ಹೇಳಬಲ್ಲೆ.

ಬೆಳಗಿನ ಎರಡು ಮಾತ್ರೆ

ನನಗೆ ಎಲ್ಲಕ್ಕಿಂತ ಹೆಚ್ಚು ಅನುಮಾನ ಇರುವುದು ಥೈರಾಕ್ಸಿನ್ ಮತ್ತು ಕ್ಯಾಲ್ಸಿಯಂ ಒಟ್ಟಿಗೆ ನುಂಗುವುದರ ಮೇಲೆ. ಥೈರಾಕ್ಸಿನ್ ಬಹಳ ನಾಜೂಕಿನ ಮಾತ್ರೆ. ಅದರಲ್ಲಿರುವ ಔಷಧಿ ಮಿಲಿಗ್ರಾಂ ಲೆಕ್ಕದ್ದಲ್ಲ, ಮೈಕ್ರೋಗ್ರಾಂ ಲೆಕ್ಕದ್ದು. ನಿಮ್ಮ ಕ್ಯಾಲ್ಸಿಯಂ ಮಾತ್ರೆಯಲ್ಲಿ ಬಹುಶಃ 500 ಮಿಲಿಗ್ರಾಂ ಇರುತ್ತದೆ, ಅಂದರೆ 75 ಮೈಕ್ರೋಗ್ರಾಂ ಥೈರಾಕ್ಸಿನ್‌ಗಿಂತ ಆರು ಸಾವಿರ ಪಟ್ಟು ಜಾಸ್ತಿ. ಹೊಟ್ಟೆಯಲ್ಲಿ ಎರಡೂ ಸೇರಿದಾಗ ಕ್ಯಾಲ್ಸಿಯಂ ಥೈರಾಕ್ಸಿನ್ನನ್ನು ಹಿಡಿದುಕೊಳ್ಳುತ್ತದೆ. ಹಾಗೆ ಸಿಕ್ಕಿಕೊಂಡಿದ್ದು ಕರುಳಿನಿಂದ ರಕ್ತಕ್ಕೆ ಹೋಗದೆ ಮಲದಲ್ಲಿ ಹೊರಟುಹೋಗುತ್ತದೆ. ಕಬ್ಬಿಣದ ಮಾತ್ರೆ, ಕೆಲವು ಆಸಿಡಿಟಿ ಔಷಧಿಗಳು ಕೂಡ ಇದನ್ನೇ ಮಾಡುತ್ತವೆ. ಕಾಫಿ ಕೂಡ ಥೈರಾಕ್ಸಿನ್ ಹೀರಿಕೆಗೆ ಅಡ್ಡಿ.

ನೀವು ಇದನ್ನು ಗಮನಿಸದೇ ಇರುವುದಕ್ಕೂ ಕಾರಣವಿದೆ. ಥೈರಾಕ್ಸಿನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಏಳು ದಿನ ಬೇಕು. ಅಂದರೆ ಕ್ಯಾಲ್ಸಿಯಂ ಶುರು ಮಾಡಿದ ಮಾರನೇ ದಿನ ಏನೂ ಗೊತ್ತಾಗುವುದಿಲ್ಲ. ವಾರಗಳು ಕಳೆದ ಹಾಗೆ ಮೆಲ್ಲಗೆ ಮೈ ಭಾರ, ಚಳಿ ತಡೆಯದಿರುವುದು, ಮಲಬದ್ಧತೆ, ಒಣ ಚರ್ಮ, ಮಂಕು. ಇದೆಲ್ಲ ಹೊರಗಿನ ಚಳಿಯಿಂದಲೂ ಆಗಬಹುದಾದ್ದರಿಂದ ಯಾರಿಗೂ ಮಾತ್ರೆ ಮೇಲೆ ಅನುಮಾನ ಬರುವುದಿಲ್ಲ. ನಿಮ್ಮ ತೊಡೆ ಹಿಡಿದುಕೊಳ್ಳುವುದಕ್ಕೂ ಇಲ್ಲೇ ನಂಟು ಇರಬಹುದು. ಥೈರಾಯ್ಡ್ ಹಾರ್ಮೋನು ಕಡಿಮೆಯಾದರೆ ಸ್ನಾಯು ನೋವು ಬರುತ್ತದೆ. ಅಟೊರ್ವಾಸ್ಟಾಟಿನ್ ತಗೊಳ್ಳುವವರಿಗೆ ಅಂಥ ಹೊತ್ತಿನಲ್ಲಿ ಸ್ನಾಯು ತೊಂದರೆ ಬರುವ ಸಂಭವ ಇನ್ನೂ ಜಾಸ್ತಿ.

ಇದನ್ನು ಸರಿಮಾಡುವುದು ಸುಲಭ. ಥೈರಾಕ್ಸಿನ್ ಬೆಳಿಗ್ಗೆ ಖಾಲಿ ಹೊಟ್ಟೆಗೆ, ಬರೀ ನೀರಿನಲ್ಲಿ. ಅದಾಗಿ ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ, ತಿಂಡಿ. ಕ್ಯಾಲ್ಸಿಯಂ ಕನಿಷ್ಠ ನಾಲ್ಕು ಗಂಟೆ ಆದಮೇಲೆ. ಮಧ್ಯಾಹ್ನದ ಊಟದ ಜೊತೆ ತಗೊಂಡರೆ ಕ್ಯಾಲ್ಸಿಯಂ ಕಾರ್ಬೊನೇಟ್ ಚೆನ್ನಾಗಿ ಹೀರಿಕೆಯೂ ಆಗುತ್ತದೆ. ಇದನ್ನು ನಾಳೆಯಿಂದಲೇ ಮಾಡಬಹುದು, ಯಾರನ್ನೂ ಕೇಳಬೇಕಾಗಿಲ್ಲ.

ಆದರೆ ಇಲ್ಲೊಂದು ಬಲೆ ಇದೆ. ನೀವು ಈಗ ಹೋಗಿ, ಥೈರಾಯ್ಡ್ ಹಾರ್ಮೋನು ಕಡಿಮೆಯಾದರೆ ಏರುವ ಟಿಎಸ್‌ಎಚ್ ಪರೀಕ್ಷೆ ಮಾಡಿಸಿದಿರಿ ಅಂತಿಟ್ಟುಕೊಳ್ಳಿ. ಅದು ಜಾಸ್ತಿ ಬರುತ್ತದೆ. ಕ್ಯಾಲ್ಸಿಯಂ ವಿಷಯ ಗೊತ್ತಿಲ್ಲದ ವೈದ್ಯರು 75 ಸಾಲದು ಅಂತ 100 ಬರೆಯುತ್ತಾರೆ. ಅವರ ತಪ್ಪೇನೂ ಇಲ್ಲ. ಮುಂದೊಂದು ದಿನ ನೀವು ಕ್ಯಾಲ್ಸಿಯಂ ಬಿಟ್ಟಿರಿ, ಇಲ್ಲವೇ ಮಧ್ಯಾಹ್ನಕ್ಕೆ ಬದಲಿಸಿದಿರಿ. ಆಗ ಪೂರ್ತಿ 100 ಮೈಗೆ ಹತ್ತುತ್ತದೆ. ಎದೆ ಡವಗುಟ್ಟುವುದು, ನಿದ್ದೆಗೆಡುವುದು, ಹೃದಯದ ಲಯ ತಪ್ಪುವುದು ಶುರುವಾಗಬಹುದು. ಬಹಳ ಕಾಲ ಹಾಗೇ ಇದ್ದರೆ ಮೂಳೆ ಸವೆಯುತ್ತದೆ. ಮೂಳೆಗೆಂದು ಶುರು ಮಾಡಿದ ಮಾತ್ರೆ ಕೊನೆಗೆ ಮೂಳೆಗೇ ಮುಳುವಾದ ಹಾಗೆ! ಆದ್ದರಿಂದ ಪರೀಕ್ಷೆ ಮಾಡಿಸಿ, ಆದರೆ ಈ ಎರಡನ್ನು ಒಟ್ಟಿಗೆ ನುಂಗುತ್ತಿದ್ದೆ ಅನ್ನುವುದನ್ನು ಹೇಳಿಯೇ ತೀರಿ. ಟಿಎಸ್‌ಎಚ್ ತುಸು ಏರಿದ್ದರೆ, ಡೋಸ್ ಮುಟ್ಟದೆ ಹೊತ್ತು ಮಾತ್ರ ಬದಲಿಸಿ, 6ರಿಂದ 8 ವಾರ ಬಿಟ್ಟು ಮತ್ತೆ ನೋಡುವುದು ಒಳ್ಳೆಯ ದಾರಿ. ತುಂಬಾ ಏರಿದ್ದರೆ ಅಷ್ಟು ಕಾಯುವುದು ಬೇಡ ಅಂತ ನಿಮ್ಮ ವೈದ್ಯರಿಗೆ ಅನಿಸಬಹುದು.

ಕೂದಲು, ಉಗುರಿಗೆಂದು ಬಯೋಟಿನ್ ಇರುವ ಮಾತ್ರೆ ತಗೊಳ್ಳುತ್ತಿದ್ದರೆ ಅದನ್ನೂ ಹೇಳಿ. ಅದು ಮೈಯಲ್ಲಿನ ಥೈರಾಯ್ಡನ್ನು ಕೆಡಿಸುವುದಿಲ್ಲ, ಲ್ಯಾಬಿನ ಪರೀಕ್ಷೆಯನ್ನು ಕೆಡಿಸುತ್ತದೆ. ಎಷ್ಟೋ ಲ್ಯಾಬುಗಳಲ್ಲಿ ಟಿಎಸ್‌ಎಚ್ ಸುಳ್ಳಾಗಿ ಕಡಿಮೆ ತೋರಿಸುತ್ತದೆ. ರಕ್ತ ಕೊಡುವ ಎರಡು ದಿನ ಮೊದಲೇ ಬಿಟ್ಟಿರಬೇಕು.

ಸಿರಪ್ ಬಾಟಲಿ ತಿರುಗಿಸಿ ನೋಡಿ

ಕೆಮ್ಮಿನ ಸಿರಪ್ ಯಾವುದು ಅಂತ ನೀವು ಬರೆದಿಲ್ಲ. ಬಾಟಲಿಯ ಹಿಂದೆ ಸಣ್ಣ ಅಕ್ಷರದಲ್ಲಿ ಏನಿದೆ ಓದಿ. ಡೈಫೆನ್‌ಹೈಡ್ರಮಿನ್ ಅಂತ ಇದ್ದರೆ ಅಲ್ಲೇ ನಿಲ್ಲಿ. ಅದು ತಾನೇ ನಿದ್ದೆ ಬರಿಸುವ ಔಷಧಿ. ಅದಕ್ಕಿಂತ ಮುಖ್ಯವಾಗಿ, ಮೆಟೊಪ್ರೊಲಾಲನ್ನು ಯಕೃತ್ತಿನಲ್ಲಿ ಒಡೆದು ಹೊರಹಾಕುವುದು ಸಿವೈಪಿ2ಡಿ6 ಅನ್ನುವ ಕಿಣ್ವ. ಡೈಫೆನ್‌ಹೈಡ್ರಮಿನ್ ಅದೇ ಕಿಣ್ವದ ಕೆಲಸಕ್ಕೆ ಅಡ್ಡಿ ಮಾಡುತ್ತದೆ. ಬ್ಯಾಂಕಿನ ಒಂದೇ ಕೌಂಟರಿಗೆ ಎರಡು ಸಾಲು ಬಂದು ನಿಂತ ಹಾಗೆ: ಒಂದು ಸಾಲು ಮುಂದೆ ಹೋಗುವ ತನಕ ಇನ್ನೊಂದು ಕಾಯಬೇಕು. ಆಗ ನೀವು ನುಂಗಿದ್ದು ಅದೇ 50 ಮಿಲಿಗ್ರಾಂ ಆದರೂ ರಕ್ತದಲ್ಲಿ ಮೆಟೊಪ್ರೊಲಾಲ್ ಜಾಸ್ತಿ ಉಳಿಯುತ್ತದೆ. ನಾಡಿ ಇನ್ನಷ್ಟು ಇಳಿಯುತ್ತದೆ. ಡಿಪ್ರೆಶನ್ನಿಗೆ ಕೊಡುವ ಫ್ಲುಯೊಕ್ಸೆಟಿನ್, ಪ್ಯಾರೊಕ್ಸೆಟಿನ್ ಮಾತ್ರೆಗಳೂ ಇದೇ ಕಿಣ್ವವನ್ನು ಜೋರಾಗಿಯೇ ತಡೆಯುತ್ತವೆ. ಇದನ್ನು ಓದುತ್ತಿರುವ ಬೇರೆ ಯಾರಿಗಾದರೂ ಉಪಯೋಗವಾಗಲಿ ಅಂತ ಹೇಳಿದೆ.

ಸಿರಪ್ಪಿನಲ್ಲಿ ಕ್ಲೋರ್‌ಫೆನಿರಮಿನ್ ಇದ್ದರೆ ಬೇರೆ ತರಹದ ತೊಂದರೆ. ಇದು ಅಲರ್ಜಿ ತಡೆಯುವ ಹಳೇ ಕಾಲದ ಔಷಧಿ. ಮಿದುಳಿಗೆ ಸಲೀಸಾಗಿ ನುಗ್ಗುತ್ತದೆ, ಮೈಯಲ್ಲಿ ಬಹಳ ಹೊತ್ತು ಉಳಿಯುತ್ತದೆ. ರಾತ್ರಿ ಕುಡಿದದ್ದು ಮಾರನೇ ಮಧ್ಯಾಹ್ನಕ್ಕೂ ಪೂರ್ತಿ ಹೋಗಿರುವುದಿಲ್ಲ. ಅದರ ಮೇಲೆ ನಿಮ್ಮ ಸೆಟ್ರಿಜಿನ್. ಅದೂ ಅಲರ್ಜಿಯದೇ ಮಾತ್ರೆ. ಹೊಸ ತಲೆಮಾರಿನದು, ನಿದ್ದೆ ಕಡಿಮೆ ಅನ್ನುತ್ತಾರೆ. ಕಡಿಮೆ ಹೌದು, ಇಲ್ಲವೇ ಇಲ್ಲ ಅಂತಲ್ಲ. ಮೂತ್ರಪಿಂಡ ಸ್ವಲ್ಪ ಮಂದವಾಗಿದ್ದವರಲ್ಲಿ ಇದು ಮೈಯಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ. ಹೀಗೆ ನಿಮಗೆ ಗೊತ್ತಿಲ್ಲದೇ ನಿದ್ದೆ ಬರಿಸುವ ಎರಡು ಔಷಧಿ ತಗೊಳ್ಳುತ್ತಿರಬಹುದು. ಒಂಬತ್ತು ಗಂಟೆ ಮಲಗಿದರೂ ಏಳುವಾಗ ತಲೆ ಭಾರ ಅನ್ನುವುದಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಇವೆರಡೂ ನಡೆಯುತ್ತಿರುವ ತನಕ ಗಾಡಿ ಓಡಿಸುವಾಗ ಹುಷಾರು.

ನೆಗಡಿಗೆಂದು ಸಿಗುವ ಸೇರಿಕೆ ಮಾತ್ರೆಗಳ ಬಗ್ಗೆಯೂ ಒಂದು ಮಾತು. ಅವುಗಳಲ್ಲಿ ಕ್ಲೋರ್‌ಫೆನಿರಮಿನ್ ಜೊತೆ ಪ್ಯಾರಸಿಟಮಾಲ್, ಫಿನೈಲೆಫ್ರಿನ್ ಇರುವುದು ಸಾಮಾನ್ಯ. ಫಿನೈಲೆಫ್ರಿನ್ ರಕ್ತನಾಳ ಕುಗ್ಗಿಸುವಂಥದ್ದು, ಬಿಪಿ ಇರುವವರಿಗೆ ಹೇಳಿಸಿದ್ದಲ್ಲ. ಅದರ ಜೊತೆ ಮೈಕೈ ನೋವಿಗೆ ಬೇರೆ ಪ್ಯಾರಸಿಟಮಾಲ್ ನುಂಗಿದರೆ ಲೆಕ್ಕ ತಪ್ಪುತ್ತದೆ. ದೊಡ್ಡವರಿಗೆ ಎಲ್ಲ ಸೇರಿ ದಿನಕ್ಕೆ 4 ಗ್ರಾಂ ದಾಟಬಾರದು.

ಬದಲಿಗೆ ಏನು?

ಸೀನು, ಮೂಗು ಸೋರುವುದಕ್ಕೆ ಫೆಕ್ಸೊಫೆನಡಿನ್ ಅನ್ನುವ ಮಾತ್ರೆ ಇದೆ. ಅದು ಮಿದುಳಿಗೆ ಹೋಗುವುದು ಇಲ್ಲವೆನ್ನುವಷ್ಟು ಕಡಿಮೆ. ಹಣ್ಣಿನ ರಸದ ಜೊತೆ ತಗೊಳ್ಳಬಾರದು, ಹೀರಿಕೆ ಕಡಿಮೆಯಾಗುತ್ತದೆ. ಪ್ರತಿ ಚಳಿಗಾಲವೂ ಮೂಗಿನ ಅಲರ್ಜಿ ಇದ್ದರೆ ನನ್ನ ಮೊದಲ ಆಯ್ಕೆ ಮಾತ್ರೆಯೇ ಅಲ್ಲ, ಮೂಗಿಗೆ ಹೊಡೆಯುವ ಸ್ಟೀರಾಯ್ಡ್ ಸ್ಪ್ರೇ. ಫ್ಲುಟಿಕಸೋನ್ ಅಥವಾ ಮೊಮೆಟಸೋನ್. ಸ್ಟೀರಾಯ್ಡ್ ಅಂದ ತಕ್ಷಣ ಹೆದರುತ್ತಾರೆ. ಮೂಗಿನಿಂದ ರಕ್ತಕ್ಕೆ ಸೇರುವುದು ತೀರಾ ಕಡಿಮೆ, ನಿದ್ದೆ ಬರುವುದಿಲ್ಲ. ಕೆಲವರಿಗೆ ಮೂಗು ಒಣಗಿ ಸ್ವಲ್ಪ ರಕ್ತ ಕಾಣುತ್ತದೆ. ನಳಿಗೆಯನ್ನು ಮೂಗಿನ ಮಧ್ಯದ ಗೋಡೆಯ ಕಡೆಗಲ್ಲ, ಹೊರಗಡೆ, ಕಿವಿಯ ದಿಕ್ಕಿಗೆ ತಿರುಗಿಸಿ ಹೊಡೆದರೆ ಅದೂ ಕಡಿಮೆಯಾಗುತ್ತದೆ. ಪರಿಣಾಮ ಪೂರ್ತಿ ಕಾಣಲು ಒಂದೆರಡು ವಾರ ಬೇಕು. ಎರಡೇ ದಿನಕ್ಕೆ ಕೆಲಸ ಮಾಡಲಿಲ್ಲ ಅಂತ ಬಿಸಾಡಬೇಡಿ.

ಸೆಟ್ರಿಜಿನ್ ತಿಂಗಳುಗಟ್ಟಲೆ ದಿನಾ ತಗೊಂಡಿದ್ದರೆ, ಬಿಟ್ಟ ಕೆಲವು ದಿನದಲ್ಲಿ ಅಪರೂಪಕ್ಕೆ ಕೆಲವರಿಗೆ ಜೋರು ಮೈ ತುರಿಕೆ ಬರುತ್ತದೆ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರಲ್ಲಿ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಹಾಗಾದರೆ ಹೊಸ ಅಲರ್ಜಿ ಬಂತು ಅಂದುಕೊಳ್ಳಬೇಡಿ, ವೈದ್ಯರಿಗೆ ಹೇಳಿ.

ಕೆಮ್ಮು ಮೂರು ವಾರ ದಾಟಿದ್ದರೆ ಸಿರಪ್ ಬದಲಿಸುತ್ತಾ ಕೂರುವುದು ಬೇಡ. ಎದೆ ಪರೀಕ್ಷೆ ಆಗಬೇಕು. ನಿಮಗೆ ಉಬ್ಬಸದ ಗುಣವೇನಾದರೂ ಇದ್ದರೆ ಬೀಟಾ ಬ್ಲಾಕರ್ ಅದನ್ನು ಕೆರಳಿಸಬಹುದು. ಆಗ ಕೆಮ್ಮಿನ ಕಥೆಯೇ ಬೇರೆ.

ಹಾಗಾದರೆ ಮೆಟೊಪ್ರೊಲಾಲ್ ನಿರ್ದೋಷಿಯೇ?

ಪೂರ್ತಿ ಅಲ್ಲ. ಬೀಟಾ ಬ್ಲಾಕರ್‌ಗಳಿಂದ ಸುಸ್ತು, ಕೈಕಾಲು ತಣ್ಣಗಾಗುವುದು ಎಲ್ಲರಿಗೂ ಗೊತ್ತಿರುವ ಅಡ್ಡಪರಿಣಾಮ. ಆದರೆ ಜನ ಅಂದುಕೊಂಡಷ್ಟು ಮಂದಿಗೆ ಆಗುವುದಿಲ್ಲ. ಹಲವು ಅಧ್ಯಯನಗಳನ್ನು ಒಟ್ಟು ಹಾಕಿ 2002ರಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ, ಸಾವಿರ ಮಂದಿ ಒಂದು ವರ್ಷ ತಗೊಂಡರೆ, ಅದರ ದೆಸೆಯಿಂದ ಸುಸ್ತಾಗುವವರು ಸುಮಾರು 18 ಮಂದಿ. ನಿಮಗೆ ಬೇಸಿಗೆಯಲ್ಲಿ ಏನೂ ಆಗದಿರುವುದರಿಂದ ನೀವು ಆ ಗುಂಪಿನವರಲ್ಲ ಅಂತ ನನ್ನ ಅಂದಾಜು.

ಸಿರಪ್ ಬಿಟ್ಟು, ಕ್ಯಾಲ್ಸಿಯಂ ದೂರ ಮಾಡಿ, ಥೈರಾಯ್ಡ್ ಸರಿಹೋದ ಮೇಲೂ ನಾಡಿ 50ರ ಆಸುಪಾಸೇ ಇದ್ದು ಸುಸ್ತು ಹೋಗದಿದ್ದರೆ ಆಗ ಮೆಟೊಪ್ರೊಲಾಲ್ ಕಡೆ ತಿರುಗಬೇಕು. ಡೋಸ್ ಅರ್ಧಕ್ಕಿಳಿಸಬಹುದು. ಮೆಲ್ಲಗೆ ಬಿಡಿಸಿ ಆಮ್ಲೊಡಿಪಿನ್ ಅಥವಾ ಟೆಲ್ಮಿಸಾರ್ಟನ್ ತರಹದ ಬೇರೆ ಮಾತ್ರೆಗೆ ಬದಲಿಸಬಹುದು. ಆಮ್ಲೊಡಿಪಿನ್‌ನಿಂದ ಕೆಲವರಿಗೆ ಕಾಲು ಊದುತ್ತದೆ. ಟೆಲ್ಮಿಸಾರ್ಟನ್ ಶುರು ಮಾಡಿದ ಮೇಲೆ ಪೊಟ್ಯಾಸಿಯಂ, ಮೂತ್ರಪಿಂಡದ ಕೆಲಸ ತೋರಿಸುವ ಕ್ರಿಯಾಟಿನಿನ್ ಪರೀಕ್ಷೆ ಬೇಕು. ಬರೀ ಬಿಪಿಗೆಂದು ಮಾತ್ರೆ ಕೊಟ್ಟಿದ್ದರೆ ಬದಲಾವಣೆ ಕಷ್ಟವಿಲ್ಲ. ಆದರೆ ಹೃದಯಾಘಾತ, ಹೃದಯ ದೌರ್ಬಲ್ಯ, ಲಯ ತಪ್ಪುವ ತೊಂದರೆಗೆ ಕೊಟ್ಟಿದ್ದರೆ ಅದಕ್ಕೆ ಬೇರೆಯೇ ಲೆಕ್ಕ. ಅಲ್ಲಿ ಸ್ವಲ್ಪ ಸುಸ್ತನ್ನು ಸಹಿಸಿಕೊಂಡಾದರೂ ಮುಂದುವರಿಸಬೇಕಾಗಬಹುದು. ಯಾಕಾಗಿ ಕೊಟ್ಟಿದ್ದು ಅಂತ ನಿಮ್ಮ ವೈದ್ಯರನ್ನು ಕೇಳಿ ತಿಳಿದುಕೊಳ್ಳಿ. ಎಷ್ಟೋ ಮಂದಿಗೆ ಇದೇ ಗೊತ್ತಿರುವುದಿಲ್ಲ.

ಅಟೊರ್ವಾಸ್ಟಾಟಿನ್ ವಿಷಯದಲ್ಲಿ ಆತುರ ಬೇಡ. 2020ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಒಂದು ಜಾಣ ಪ್ರಯೋಗ ಪ್ರಕಟಿಸಿದರು. ಅಡ್ಡಪರಿಣಾಮ ತಾಳಲಾರದೆ ಸ್ಟಾಟಿನ್ (ಅಟೊರ್ವಾಸ್ಟಾಟಿನ್ ಗುಂಪಿನ ಮಾತ್ರೆ) ಬಿಟ್ಟಿದ್ದ 60 ಮಂದಿಗೆ ತಿಂಗಳಿಗೊಂದರಂತೆ 12 ಬಾಟಲಿ. ನಾಲ್ಕರಲ್ಲಿ ಸ್ಟಾಟಿನ್, ನಾಲ್ಕರಲ್ಲಿ ಔಷಧಿಯೇ ಇಲ್ಲದ ಹುಸಿ ಮಾತ್ರೆ, ನಾಲ್ಕು ಖಾಲಿ. ಸ್ಟಾಟಿನ್ ತಿಂಗಳಲ್ಲಿ ಆದ ತೊಂದರೆಯ ಶೇ. 90ರಷ್ಟು ಹುಸಿ ಮಾತ್ರೆಯ ತಿಂಗಳಲ್ಲೂ ಆಗಿತ್ತು! ಅವರ ನೋವು ಸುಳ್ಳು ಅಂತ ಇದರ ಅರ್ಥವಲ್ಲ, ನೋವು ನಿಜವೇ. ಮಾತ್ರೆ ನುಂಗುತ್ತಿದ್ದೇನೆ ಅನ್ನುವ ಆತಂಕಕ್ಕೂ ಮೈಯನ್ನು ನೋಯಿಸುವ ಶಕ್ತಿ ಇದೆ. ಹಾಗಿದ್ದರೂ ನಿಮ್ಮ ತೊಡೆ ನೋವಿಗೆ ಥೈರಾಯ್ಡ್ ಜೊತೆಗೆ ಸಿಕೆ ಅನ್ನುವ ಸ್ನಾಯು ಪರೀಕ್ಷೆಯನ್ನೂ ಮಾಡಿಸಿ. ಮೂತ್ರ ಗಾಢ ಕಂದು ಬಣ್ಣಕ್ಕೆ ತಿರುಗಿದರೆ ಮಾತ್ರ ಕಾಯಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ.

ಚಳಿಗಾಲದ ಪಾಲು

ಹೋದ ವರ್ಷ ಕ್ಯಾಲ್ಸಿಯಂ ಇರಲಿಲ್ಲ, ಆದರೂ ಸ್ವಲ್ಪ ಸುಸ್ತಿತ್ತು ಅಂದಿರಿ. ಅದರಲ್ಲಿ ನೆಗಡಿ ಔಷಧಿಗಳ ಪಾಲು ಇರಬಹುದು, ಋತುವಿನ ಪಾಲೂ ಇರಬಹುದು. ಹಗಲು ಚಿಕ್ಕದಾದಾಗ, ಬೆಳಗಿನ ಬೆಳಕು ತಡವಾದಾಗ, ಮೈಯೊಳಗಿನ ಗಡಿಯಾರ ಹಿಂದೆ ಬೀಳುತ್ತದೆ. ಅಲಾರಂ ಹೊಡೆದರೂ ಮೈಗೆ ಇನ್ನೂ ರಾತ್ರಿಯೇ. ಭೂಮಧ್ಯರೇಖೆಯಿಂದ ದೂರ ಹೋದಷ್ಟೂ ಇದು ಜೋರು. ಕೆಲವರಲ್ಲಿ ಇದು ಬರೀ ಸುಸ್ತಿಗೆ ನಿಲ್ಲುವುದಿಲ್ಲ. ಅತಿ ನಿದ್ದೆ, ಸಿಹಿ ಮತ್ತು ಪಿಷ್ಟದ ತಿಂಡಿಯ ಹಂಬಲ, ತೂಕ ಏರುವುದು, ಯಾವುದರಲ್ಲೂ ಮನಸ್ಸಿಲ್ಲದಿರುವುದು. ಪ್ರತಿ ಚಳಿಗಾಲ ಬಂದು ಬೇಸಿಗೆಗೆ ಹೋಗುವ ಈ ಖಿನ್ನತೆಯನ್ನು 1984ರಲ್ಲಿ ಅಮೆರಿಕದ ನಾರ್ಮನ್ ರೋಸೆಂಥಾಲ್ ಮತ್ತು ಸಂಗಡಿಗರು ಮೊದಲ ಬಾರಿಗೆ ವಿವರವಾಗಿ ಬರೆದರು. ಬೆಳಿಗ್ಗೆ 10,000 ಲಕ್ಸ್‌ನ ದೀಪದ ಮುಂದೆ ಅರ್ಧ ಗಂಟೆ ಕೂರುವುದು ಇದಕ್ಕೆ ಒಪ್ಪಿತ ಚಿಕಿತ್ಸೆ. ಬೈಪೋಲಾರ್ ತೊಂದರೆ ಇದ್ದವರು, ರೆಟಿನಾ ಕಾಯಿಲೆ ಇದ್ದವರು ವೈದ್ಯರನ್ನು ಕೇಳದೆ ಮಾಡಬಾರದು. ನಿಮ್ಮ ಪತ್ರದಲ್ಲಿ ಮನಸ್ಸು ಕುಗ್ಗಿದ ಸೂಚನೆ ನನಗೆ ಕಾಣಲಿಲ್ಲ. ಬೆಳಿಗ್ಗೆ ಎದ್ದ ಗಂಟೆಯೊಳಗೆ ಹೊರಗೆ ನಾಲ್ಕು ಹೆಜ್ಜೆ ಹಾಕಿದರೆ ನಿಮಗೆ ಸಾಕಾಗಬಹುದು. ಮೋಡ ಮುಚ್ಚಿದ ದಿನದಲ್ಲೂ ಹೊರಗಿನ ಬೆಳಕು ಮನೆಯೊಳಗಿನ ದೀಪಕ್ಕಿಂತ ಎಷ್ಟೋ ಪಟ್ಟು ಜಾಸ್ತಿ.

ಇನ್ನೊಂದು ವಿಷಯ, ಇದಕ್ಕೂ ಮಾತ್ರೆಗೂ ಸಂಬಂಧವಿಲ್ಲ. ಮನೆಯಲ್ಲಿ ಕೆಂಡ, ಗ್ಯಾಸ್, ಸೀಮೆಎಣ್ಣೆಯಲ್ಲಿ ಉರಿಯುವ ಹೀಟರ್ ಅಥವಾ ಗೀಸರ್ ಇದೆಯಾ? ಕಿಟಕಿ ಮುಚ್ಚಿದ ಕೋಣೆಯಲ್ಲಿ ಅವು ಕಾರ್ಬನ್ ಮೊನಾಕ್ಸೈಡ್ ಬಿಡುತ್ತವೆ. ವಾಸನೆಯಿಲ್ಲ, ಬಣ್ಣವಿಲ್ಲ. ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಬೆಳಿಗ್ಗೆ ತಲೆನೋವು, ಓಕರಿಕೆ, ಸುಸ್ತು, ಹೊರಗೆ ಹೋದರೆ ಹಗುರ, ಮನೆಯಲ್ಲಿ ಇತರರಿಗೂ ಹಾಗೇ ಅನಿಸಿದರೆ ಮೊದಲು ಎಲ್ಲರೂ ಹೊರಗೆ ಬನ್ನಿ. ಆ ಹೀಟರನ್ನು ಮತ್ತೆ ಹಚ್ಚದೆ ಆಸ್ಪತ್ರೆಗೆ ಹೋಗಿ. ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ.

ವೈದ್ಯರ ಹತ್ತಿರ ಹೋಗುವಾಗ

ಒಂದು ಹಾಳೆಯಲ್ಲಿ ನೀವು ಬಾಯಿಗೆ ಹಾಕಿಕೊಳ್ಳುವ, ಮೂಗಿಗೆ ಬಿಡುವ ಎಲ್ಲವನ್ನೂ ಬರೆಯಿರಿ. ಯಾವಾಗ ಶುರುವಾಯಿತು, ದಿನದ ಯಾವ ಹೊತ್ತಿಗೆ ಅನ್ನುವುದೂ ಇರಲಿ. ಪಕ್ಕದಲ್ಲಿ ಸುಸ್ತು ಶುರುವಾದ ವಾರ. ಎಷ್ಟೋ ಸಲ ಆ ಹಾಳೆ ನೋಡಿದರೇ ಸಾಕು, ಅರ್ಧ ಉತ್ತರ ಸಿಕ್ಕಿರುತ್ತದೆ. ಒಂದು ವಾರ ಬೆಳಿಗ್ಗೆ, ಸಂಜೆ ಬಿಪಿ ನೋಡಿ, ಮೂರನೇ ಸಂಖ್ಯೆಯನ್ನೂ ಸೇರಿಸಿ ಬರೆದಿಡಿ.

ಪರೀಕ್ಷೆಗಳಲ್ಲಿ ಟಿಎಸ್‌ಎಚ್ ಮತ್ತು ಫ್ರೀ ಟಿ4, ಹಿಮೋಗ್ಲೋಬಿನ್, ಸೋಡಿಯಂ–ಪೊಟ್ಯಾಸಿಯಂ, ಕ್ರಿಯಾಟಿನಿನ್, ಶುಗರ್, ಕ್ಯಾಲ್ಸಿಯಂ, ಬಿ12 ಮತ್ತು ಒಂದು ಇಸಿಜಿ ಇದ್ದರೆ ಬಹುಪಾಲು ಕಾರಣಗಳು ಹೊರಬೀಳುತ್ತವೆ. ಕ್ಯಾಲ್ಸಿಯಂ ಯಾಕೆ ಅಂದರೆ, ವಿಟಮಿನ್ ಡಿ ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ಅದರ ಲಕ್ಷಣವೂ ಸುಸ್ತು, ಬಾಯಾರಿಕೆ, ಮಲಬದ್ಧತೆ. ವಾರಕ್ಕೊಮ್ಮೆ ತಗೊಳ್ಳಬೇಕಾದ 60,000 ಯೂನಿಟ್‌ನ ಗುಳಿಗೆಯನ್ನು ದಿನಾ ನುಂಗಿ ಹೀಗೆ ಮಾಡಿಕೊಂಡವರಿದ್ದಾರೆ. ಎಲ್ಲವನ್ನೂ ಒಂದೇ ದಿನ ಬದಲಿಸಬೇಡಿ. ಮೊದಲು ಕ್ಯಾಲ್ಸಿಯಂ ಹೊತ್ತು ಬದಲಿಸಿ, ಸಿರಪ್ ಬಿಡಿ. ಸಿರಪ್ ಬಿಟ್ಟದ್ದು ಕೆಲವೇ ದಿನದಲ್ಲಿ ಗೊತ್ತಾಗುತ್ತದೆ, ಥೈರಾಯ್ಡ್ ಸರಿಹೋಗಲು ವಾರಗಳು ಬೇಕು.

ಇಷ್ಟು ಸಾವಕಾಶ ಮಾಡಬಾರದ ಸಂದರ್ಭಗಳೂ ಇವೆ. ನಾಡಿ 50ಕ್ಕಿಂತ ಕೆಳಗಿಳಿದು ತಲೆ ತಿರುಗುವುದು, ಕಣ್ಣು ಕತ್ತಲೆ ಬಂದು ಬೀಳುವುದು, ಎದೆ ಬಿಗಿತ, ಮಲಗಿದರೆ ಉಸಿರು ಕಟ್ಟುವುದು, ಕಾಲು ಊದುವುದು, ಕಪ್ಪು ಮಲ, ಮಾತಿನಲ್ಲಿ ಗೊಂದಲ. ಇವುಗಳಲ್ಲಿ ಯಾವುದು ಕಂಡರೂ ಅಪಾಯಿಂಟ್‌ಮೆಂಟಿಗೆ ಕಾಯದೆ ಹೋಗಿ. ಹೆಂಗಸರಲ್ಲಿ ಹೃದಯದ ತೊಂದರೆ ಎದೆನೋವಿಲ್ಲದೆ, ಬರೀ ವಿಚಿತ್ರ ಸುಸ್ತು ಮತ್ತು ಏದುಸಿರಾಗಿ ಬರುವುದೂ ಉಂಟು. ಮೊನ್ನೆ ತನಕ ಹತ್ತುತ್ತಿದ್ದ ಮೆಟ್ಟಿಲು ಈಗ ಹತ್ತಲಾಗುತ್ತಿಲ್ಲ ಅನ್ನುವುದನ್ನು ಚಳಿಗೆ ಬಿಟ್ಟುಬಿಡಬೇಡಿ.

ಕೊನೆಗೆ ಟಾನಿಕ್. ಈಗಲೇ ಬೇಡ. ಏನು ಕಡಿಮೆ ಇದೆ ಅಂತ ಗೊತ್ತಿಲ್ಲದೆ ಕುಡಿದರೆ ಪರೀಕ್ಷೆಯೂ ಗೋಜಲಾಗುತ್ತದೆ. ಬಿ12 ಕಡಿಮೆ ಬಂದರೆ ಬಿ12 ತಗೊಳ್ಳಿ. ಹಿಮೋಗ್ಲೋಬಿನ್ ಕಡಿಮೆ ಬಂದರೆ ಯಾಕೆ ಕಡಿಮೆಯಾಯಿತು ಅಂತ ನೋಡಿ ಕಬ್ಬಿಣದ ಮಾತ್ರೆ ಕೊಡುತ್ತಾರೆ. ಅದನ್ನೂ ಥೈರಾಕ್ಸಿನ್‌ನಿಂದ ನಾಲ್ಕು ಗಂಟೆ ದೂರ ಇಡಿ. ಕ್ಯಾಲ್ಸಿಯಂ ಮತ್ತು ಕಬ್ಬಿಣವನ್ನೂ ಒಟ್ಟಿಗೆ ನುಂಗಬೇಡಿ. ಒಂದು ಮಧ್ಯಾಹ್ನ, ಇನ್ನೊಂದು ರಾತ್ರಿಗೆ ಇರಲಿ.